ನೆಹರೂ ನಿಂತಿದ್ದ ಜಾಗಗಳು: ಭಾಕ್ರಾದಿಂದ ಆಲಮಟ್ಟಿಯವರೆಗೆ

ಅಣೆಕಟ್ಟು ನೋಡಲು ಹೋದವರು ನೀರು ನೋಡುತ್ತಾರೆ, ಗೇಟು ನೋಡುತ್ತಾರೆ, ಬೋಟಿಂಗ್ ಇದೆಯಾ ಅಂತ ಕೇಳುತ್ತಾರೆ. ನಾವು ಹೊರಟಿದ್ದು ಕಲ್ಲು ನೋಡಲು. ಯಾವ ಪ್ರಧಾನಿ ಯಾವತ್ತು ಬಂದು ಏನು ಮಾಡಿದರು ಅಂತ ಕೊರೆಸಿ ನಿಲ್ಲಿಸಿರುತ್ತಾರಲ್ಲ, ಆ ಕಲ್ಲು. ನಾವು ಅಂದರೆ ನಾನು ಮತ್ತು ನಮ್ಮ ಕಾಕಾ. ಕಾಕಾ ಬಾಗಲಕೋಟೆ ಕಡೆಯವರು, ನೀರಾವರಿ ಇಲಾಖೆಯಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಎಷ್ಟೋ ಮಂತ್ರಿಗಳ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕಿಸಿ, ಹೆಲಿಪ್ಯಾಡಿಗೆ ಸುಣ್ಣದ ಗೆರೆ ಎಳೆಸಿದ್ದಾರೆ. ಹಾಗಾಗಿ ಸಮಾರಂಭ ಅಂದರೆ ಅವರಿಗೆ ಭಕ್ತಿ ಕಡಿಮೆ, ಕುತೂಹಲ ಜಾಸ್ತಿ.

ಸ್ವತಂತ್ರ ಭಾರತದ ಮೊದಲ ಹದಿನೈದು ವರ್ಷ ನೆಹರೂ ಅಣೆಕಟ್ಟಿನಿಂದ ಅಣೆಕಟ್ಟಿಗೆ ಓಡಾಡಿದರು. ಕಲ್ಲು ಇಡಲು ಬಂದರು, ಕಾಂಕ್ರೀಟ್ ಸುರಿಯಲು ಬಂದರು, ಕಾಲುವೆ ತೆರೆಯಲು ಬಂದರು, ಸುಮ್ನೆ ಕೆಲಸ ಎಲ್ಲಿಗೆ ಬಂತು ಅಂತ ನೋಡಲೂ ಬಂದರು. ಅವರು ಹೋದ ಜಾಗಗಳಲ್ಲಿ ಕೆಲವನ್ನಾದರೂ ಒಂದೇ ಸುತ್ತಿನಲ್ಲಿ ನೋಡಿ ಬರೋಣ ಅಂತ ಫೆಬ್ರುವರಿಯಲ್ಲಿ ದೆಹಲಿಗೆ ಹೋಗಿ, ಅಲ್ಲಿಂದ ರೈಲು ಹತ್ತಿದೆವು.

ಸೋಮವಾರ, ನಂಗಲ್

ಸ್ಟೇಷನ್ನಿನ ಹೆಸರೇ ನಂಗಲ್ ಡ್ಯಾಮ್. ಊರು ಪಂಜಾಬಿನದು, ಎದುರಿಗೆ ಕಾಣುವ ಗುಡ್ಡ ಹಿಮಾಚಲದ್ದು. ಸತ್ಲಜ್ ನದಿ ಇಲ್ಲಿ ಬೆಟ್ಟ ಇಳಿದು ಬಯಲಿಗೆ ಬರುತ್ತದೆ. ಭಾಕ್ರಾ ಅಣೆಕಟ್ಟು ಇನ್ನೂ ಮೇಲಕ್ಕೆ, ಕಣಿವೆಯ ಒಳಗಿದೆ. ನಂಗಲ್‌ನಲ್ಲಿರುವುದು 29 ಮೀಟರ್ ಎತ್ತರದ ಚಿಕ್ಕ ಅಣೆಕಟ್ಟು. ಮೇಲಿನಿಂದ ಬಂದ ನೀರನ್ನು ಹಿಡಿದು ಕಾಲುವೆಗೆ ತಿರುಗಿಸುವುದು ಅದರ ಕೆಲಸ.

1954ರ ಜುಲೈ 8ರಂದು ನೆಹರೂ ಇಲ್ಲಿಗೆ ಬಂದು ಆ ಕಾಲುವೆಗಳಿಗೆ ನೀರು ಬಿಟ್ಟರು. ಅವತ್ತು ಹಿಂದಿಯಲ್ಲಿ ಮಾಡಿದ ಭಾಷಣವೇ ನಮ್ಮ ಶಾಲೆಯ ಪುಸ್ತಕಗಳಿಗೆ ಬಂದು "ಅಣೆಕಟ್ಟುಗಳು ಆಧುನಿಕ ಭಾರತದ ದೇವಾಲಯಗಳು" ಅಂತ ನಿಂತಿರುವುದು. ಅವರು ಹೇಳಿದ್ದು ಇನ್ನೂ ಸ್ವಲ್ಪ ಬೇರೆ ಇತ್ತು. ಮನುಷ್ಯ ಮನುಷ್ಯನ ಒಳಿತಿಗಾಗಿ ದುಡಿಯುವ ಜಾಗವೇ ಇವತ್ತಿನ ದೊಡ್ಡ ಗುಡಿ, ದೊಡ್ಡ ಮಸೀದಿ, ದೊಡ್ಡ ಗುರುದ್ವಾರ ಎಂಬರ್ಥದ ಮಾತು. ಸಾವಿರಾರು ಜನ ರಕ್ತ, ಬೆವರು ಸುರಿಸಿದ ಜಾಗ ಇದು ಅಂದರು. ಗೌರವ ಇದ್ದದ್ದು ಗೋಡೆಗಿಂತ ದುಡಿತಕ್ಕೆ.

ಇದನ್ನು ಹೇಳಿದಾಗ ಕಾಕಾ ಪರಾಠ ಮುರಿಯುವುದನ್ನು ನಿಲ್ಲಿಸಿದರು. "ಹಂಗಾರ ಇದು ನಮ್ಮ ಬಸವಣ್ಣನ ಕಾಯಕದ ಮಾತ ಆತಲ್ಲ ತಮ್ಮಾ" ಅಂದರು.

ಇನ್ನೊಂದು ವಿಷಯ. ಗುಡಿಯ ಮಾತು ಬಂದಾಗ ಭಾಕ್ರಾ ಅಣೆಕಟ್ಟು ಇರಲೇ ಇಲ್ಲ. ಅದಕ್ಕೆ ಮೊದಲ ಕಾಂಕ್ರೀಟ್ ಬಿದ್ದದ್ದು 1955ರ ನವೆಂಬರ್ 17ಕ್ಕೆ. ಅದನ್ನು ಸುರಿದವರೂ ನೆಹರೂ ಅವರೇ.

ಮಂಗಳವಾರ, ಭಾಕ್ರಾ

ಬೆಳಿಗ್ಗೆ ನಂಗಲ್‌ನಿಂದ ಭಾಕ್ರಾಗೆ ಒಂದು ರೈಲು ಹೋಗುತ್ತದೆ. 13 ಕಿಲೋಮೀಟರ್ ದಾರಿ, ಮರದ ಬೋಗಿಗಳು, ಟಿಕೆಟ್ ಇಲ್ಲ. ಅಣೆಕಟ್ಟು ಕಟ್ಟುವಾಗ ಕೂಲಿಗಳನ್ನೂ ಸಾಮಾನನ್ನೂ ಸಾಗಿಸಲು ಹಾಕಿದ ಹಳಿ ಇದು. ಈಗಲೂ ಭಾಕ್ರಾ ಬಿಯಾಸ್ ಮ್ಯಾನೇಜ್‌ಮೆಂಟ್ ಬೋರ್ಡ್ ಇದನ್ನು ಪುಕ್ಕಟೆ ಓಡಿಸುತ್ತದೆ. ಸುತ್ತಲಿನ ಹಳ್ಳಿಯವರು, ಶಾಲೆಯ ಮಕ್ಕಳು, ಬೋರ್ಡಿನ ನೌಕರರು ಹತ್ತುತ್ತಾರೆ. ದಾರಿಯ ಒಂದು ನಿಲ್ದಾಣದ ಹೆಸರು ಇವತ್ತಿಗೂ ಲೇಬರ್ ಹಟ್. ಈ ಹೆಸರು ಬದಲಾಯಿಸಬೇಕು ಅಂತ ಯಾರಿಗೂ ಅನ್ನಿಸಿಲ್ಲ ನೋಡಿ, ನನಗೆ ಅದು ಬಹಳ ಹಿಡಿಸಿತು.

ಅಣೆಕಟ್ಟಿಗೆ ಹೋಗಲು ಪಾಸ್ ಬೇಕು. ಫೋಟೊ ತೆಗೆಯಲು ಬಿಡುವುದಿಲ್ಲ. ಎತ್ತರ 226 ಮೀಟರ್ ಅಂತ ಓದಿಕೊಂಡು ಹೋಗಿದ್ದೆ, ಆದರೆ ಓದಿದ ಅಂಕಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟು ಸಂದಿಯಲ್ಲಿ ಒಂದು ಗೋಡೆ ನೇರ ಮೇಲಕ್ಕೆ ಹೋಗುತ್ತದೆ. ಕಾಕಾ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ, "ಸೆಂಟ್ರಿಂಗ್ ಹೆಂಗ ನಿಲ್ಲಿಸಿರಬೇಕ?"

ಕಟ್ಟುವ ಕೆಲಸದ ಉಸ್ತುವಾರಿ ನೋಡಿಕೊಂಡವರು ಹಾರ್ವೆ ಸ್ಲೋಕಂ ಎಂಬ ಅಮೆರಿಕದ ಎಂಜಿನಿಯರ್. ಟೆಲಿಫೋನ್ ಪದೇ ಪದೇ ಕೆಡುತ್ತಿದ್ದದ್ದಕ್ಕೆ ರೇಗಿ, ಈ ಅಣೆಕಟ್ಟನ್ನು ಹೇಳಿದ ಹೊತ್ತಿಗೆ ಮುಗಿಸುವುದು ದೇವರಿಗೆ ಮಾತ್ರ ಸಾಧ್ಯ, ಸ್ಲೋಕಂಗೆ ಅಲ್ಲ ಅಂತ ನೆಹರೂಗೆ ಬರೆದರು ಎಂಬ ಕಥೆ ಇದೆ. ಅವರು 1961ರಲ್ಲಿ ತೀರಿಕೊಂಡರು. ಅಣೆಕಟ್ಟನ್ನು ದೇಶಕ್ಕೆ ಅರ್ಪಿಸಿದ್ದು 1963ರ ಅಕ್ಟೋಬರ್ 22ಕ್ಕೆ. ನೆಹರೂ ಅವತ್ತು ಬಂದಾಗ ಚೀನಾ ಯುದ್ಧ ಮುಗಿದು ಒಂದು ವರ್ಷವೂ ಆಗಿರಲಿಲ್ಲ. ಅದೇ ನೆಹರೂ 1956ರ ಕೊನೆಯಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರನ್ನು ಇಲ್ಲಿಗೇ ಕರೆತಂದು, ಕಟ್ಟುತ್ತಿದ್ದ ಅಣೆಕಟ್ಟನ್ನು ಹೆಮ್ಮೆಯಿಂದ ತೋರಿಸಿದ್ದರು.

ಹಿಂದಿನ ಗೋಬಿಂದ್ ಸಾಗರದಲ್ಲಿ ಬಿಲಾಸಪುರದ ಹಳೇ ಊರು ಮುಳುಗಿದೆ. ನೀರು ಇಳಿದ ತಿಂಗಳುಗಳಲ್ಲಿ ಅಲ್ಲಿನ ಗುಡಿಗಳ ಶಿಖರ ಕಾಣುತ್ತವೆ. ಮನೆ ಕಳೆದುಕೊಂಡವರಲ್ಲಿ ಎಷ್ಟೋ ಜನರಿಗೆ ದೂರದ ಹಿಸ್ಸಾರ್, ಸಿರ್ಸಾ ಕಡೆ ಜಮೀನು ಕೊಟ್ಟರು. ಬೆಟ್ಟದ ಜನ ಬಯಲಿಗೆ ಹೋಗಿ ಬಿದ್ದರು. ಬಾಗಲಕೋಟೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ ಅಲ್ವಾ? "ಮುಳುಗಡೆ" ಅಂದರೆ ಸಾಕು.

ಬುಧವಾರ, ಗುರುವಾರ: ರೈಲು

ದೆಹಲಿಗೆ ವಾಪಸ್, ಅಲ್ಲಿಂದ ಧನ್‌ಬಾದ್ ಕಡೆಗೆ. ಮಂಜು ಬಿದ್ದು ಗಾಡಿ ಲೇಟು. ಅದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ.

ಕಾಲ ಕಳೆಯಲು ಕಾಕಾಗೆ ಒಂದು ವಿಷಯ ಹೇಳಿದೆ. ಗುಡಿಯ ಮಾತು ಆಡಿದ ನಾಲ್ಕೇ ವರ್ಷಕ್ಕೆ, 1958ರ ನವೆಂಬರ್‌ನಲ್ಲಿ, ನೆಹರೂ ಕೇಂದ್ರ ನೀರಾವರಿ ಮತ್ತು ವಿದ್ಯುತ್ ಮಂಡಳಿಯ ಸಭೆಯಲ್ಲಿ ಎಂಜಿನಿಯರ್‌ಗಳ ಎದುರೇ ಬೇರೆ ರಾಗ ತೆಗೆದಿದ್ದರು. ದೊಡ್ಡದನ್ನೇ ಕಟ್ಟಬೇಕು ಎಂಬ ಹುಚ್ಚು ನಮಗೆ ರೋಗದ ಹಾಗೆ ಹಿಡಿದಿದೆ, ಸಣ್ಣ ಸಣ್ಣ ಯೋಜನೆಗಳೇ ದೇಶವನ್ನು ಹೆಚ್ಚು ಬದಲಾಯಿಸುತ್ತವೆ ಎಂಬ ಅರ್ಥದ ಮಾತು. ಇದು ಯಾವ ಶಾಲೆಯ ಪುಸ್ತಕಕ್ಕೂ ಬರಲಿಲ್ಲ. ಅಣೆಕಟ್ಟಿನ ಮೇಲೆ ನಿಂತು ಹೇಳಿದ್ದು ಕಲ್ಲಿಗೆ ಏರಿತು, ಸಭೆಯಲ್ಲಿ ಹೇಳಿದ್ದು ವರದಿಗೆ ಹೋಯಿತು.

"ಹಂಗಂದ ಮ್ಯಾಲೂ ಕಲ್ಲು ಇಡೂದು ಬಿಟ್ಟರೇನು?" ಅಂದರು ಕಾಕಾ.

ಬಿಡಲಿಲ್ಲ. 1961ರ ಏಪ್ರಿಲ್ 5ಕ್ಕೆ ಗುಜರಾತಿನ ನವಾಗಾಂನಲ್ಲಿ ನರ್ಮದೆಗೂ ಶಂಕುಸ್ಥಾಪನೆ ಮಾಡಿದರು. ಅದೇ ಮುಂದೆ ಸರ್ದಾರ್ ಸರೋವರ ಆಯಿತು. ಉದ್ಘಾಟನೆ ಆಗಿದ್ದು 2017ರ ಸೆಪ್ಟೆಂಬರ್ 17ಕ್ಕೆ, ನರೇಂದ್ರ ಮೋದಿಯವರ ಕೈಯಲ್ಲಿ, ಅವರ ಹುಟ್ಟುಹಬ್ಬದ ದಿನ. ಕಲ್ಲಿಗೂ ಬಟನ್ನಿಗೂ ನಡುವೆ 56 ವರ್ಷ.

ಶುಕ್ರವಾರ, ಪಂಚೇತ್

ಈ ಪ್ರವಾಸದಲ್ಲಿ ನಾನು ನಿಜವಾಗಿ ನೋಡಬೇಕು ಅಂದುಕೊಂಡಿದ್ದ ಜಾಗ ಇದು. ಕುಮಾರಧುಬಿಯಲ್ಲಿ ಇಳಿದು ಆಟೋ ಹಿಡಿದೆವು. ಮೊದಲು ಮೈಥಾನ್. ಬರಾಕರ್ ನದಿಯ ಮೇಲಿನ ಅಣೆಕಟ್ಟು, 1957ರಲ್ಲಿ ನೆಹರೂ ಉದ್ಘಾಟಿಸಿದ್ದು. ಪಿಕ್ನಿಕ್‌ಗೆ ಬಂದವರ ಗದ್ದಲ, ದೋಣಿಗಳು, ಘುಗ್ನಿ ಹಾಕಿದ ಚುರುಮುರಿ. ಚೆನ್ನಾಗಿದೆ. ಮುಂದೆ ಹೊರಟೆವು.

ಪಂಚೇತ್ ಅಣೆಕಟ್ಟು ದಾಮೋದರ ನದಿಯದು. ಒಂದು ದಡ ಜಾರ್ಖಂಡ್, ಇನ್ನೊಂದು ದಡ ಬಂಗಾಳದ ಪುರುಲಿಯಾ. ಹಿಂದೆ ಪಂಚಕೋಟ್ ಗುಡ್ಡ. ದಾಮೋದರಕ್ಕೆ ಬಂಗಾಳದ ಕಣ್ಣೀರು ಅಂತ ಹೆಸರಿತ್ತು, ಅಷ್ಟು ಪ್ರವಾಹ ತರುತ್ತಿದ್ದ ನದಿ. ಅಮೆರಿಕದ ಟೆನೆಸಿ ಕಣಿವೆಯ ಮಾದರಿ ನೋಡಿ 1948ರಲ್ಲಿ ದಾಮೋದರ ವ್ಯಾಲಿ ಕಾರ್ಪೊರೇಷನ್ ಮಾಡಿದರು. ಜನ ಅದನ್ನು ಡಿವಿಸಿ ಅಂತಲೇ ಕರೆಯುತ್ತಾರೆ. ತಿಲೈಯಾ, ಕೊನಾರ್, ಮೈಥಾನ್ ಆದಮೇಲೆ ಪಂಚೇತ್.

1959ರ ಡಿಸೆಂಬರ್ 6ಕ್ಕೆ ನೆಹರೂ ಇಲ್ಲಿಗೆ ಬಂದರು. ದೊಡ್ಡದರ ಹುಚ್ಚು ಒಂದು ರೋಗ ಅಂದು ಆಗಲೇ ಒಂದು ವರ್ಷವಾಗಿತ್ತು. ಸ್ವಾಗತಕ್ಕೆ ಅಣೆಕಟ್ಟಿನ ಕೆಲಸದಲ್ಲಿದ್ದ ಸಂತಾಲ ಹುಡುಗಿಯೊಬ್ಬಳನ್ನು ನಿಲ್ಲಿಸಿದ್ದರು. ಹೆಸರು ಬುಧ್ನಿ, ವಯಸ್ಸು ಹದಿನೈದರ ಆಸುಪಾಸು. ಅವಳು ಪ್ರಧಾನಿಗೆ ಹಾರ ಹಾಕಿದಳು, ಹಣೆಗೆ ತಿಲಕ ಇಟ್ಟಳು. ಕಟ್ಟಿದವರೇ ಉದ್ಘಾಟಿಸಲಿ ಅಂತ ನೆಹರೂ ಬಟನ್ ಒತ್ತಲು ಅವಳಿಗೇ ಹೇಳಿದರು. ವಿದ್ಯುತ್ ಕೇಂದ್ರ ಶುರುವಾಯಿತು. ಮರುದಿನದ ಪತ್ರಿಕೆಗಳಲ್ಲಿ ಅವಳ ಸುದ್ದಿ ಬಂತು.

ನಂಗಲ್‌ನಲ್ಲಿ ಆಡಿದ ಮಾತನ್ನು ನೆಹರೂ ಇಲ್ಲಿ ಮಾಡಿ ತೋರಿಸಿದರು ಅಂತ ನನಗೆ ಅನ್ನಿಸುತ್ತದೆ. ದುಡಿಯುವ ಜಾಗ ಗುಡಿ ಆದರೆ ದುಡಿದವಳೇ ಪೂಜಾರಿ ಆಗಬೇಕು ತಾನೆ? ಅಷ್ಟೆಲ್ಲ ಕಡೆ ಅವರು ಮಾಡಿದ ಸಮಾರಂಭಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಅತಿ ಹೆಚ್ಚು ಕೆಟ್ಟದ್ದು ಮಾಡಿದ್ದೂ ಇದೇ.

ಯಾಕೆಂದರೆ ಅವತ್ತು ರಾತ್ರಿ ಅವಳ ಊರಿನಲ್ಲಿ ಹಿರಿಯರು ಸೇರಿದರು. ಗಂಡಸಿಗೆ ಹಾರ ಹಾಕಿದಳು ಅಂದರೆ ಸಂತಾಲರ ಕಟ್ಟಳೆಯಲ್ಲಿ ಮದುವೆ ಆದ ಹಾಗೆ. ಗಂಡ ಅನ್ನಿಸಿಕೊಂಡವನು ಸಂತಾಲನಲ್ಲ. ಹಾಗಾಗಿ ಅವಳು ಇನ್ನು ಈ ಊರಿನವಳಲ್ಲ. ಕುಲದಿಂದ ಹೊರಗೆ ಹಾಕಿದರು. ಅವಳ ಊರೂ ಅಣೆಕಟ್ಟಿನ ನೀರಿನ ಪಾಲಾಯಿತು. 1962ರಲ್ಲಿ ಡಿವಿಸಿಯ ಕೆಲಸವೂ ಹೋಯಿತು. ಮುಂದೆ ಕಲ್ಲಿದ್ದಲು ಗಣಿಯ ಕಡೆ ಕೂಲಿ ಮಾಡಿಕೊಂಡು ಬದುಕಿದಳು. ಅಲ್ಲಿ ಆಸರೆ ಕೊಟ್ಟವನ ಜೊತೆ ಸಂಸಾರ ಮಾಡಿದಳು, ಮಗಳು ಹುಟ್ಟಿದಳು. 1980ರ ದಶಕದಲ್ಲಿ ರಾಜೀವ್ ಗಾಂಧಿಯವರನ್ನು ಕಂಡು ಕಷ್ಟ ಹೇಳಿಕೊಂಡ ಮೇಲೆ ಡಿವಿಸಿ ಮತ್ತೆ ಕೆಲಸ ಕೊಟ್ಟಿತು. ತೀರಿಕೊಂಡಿದ್ದು 2023ರ ನವೆಂಬರ್‌ನಲ್ಲಿ, ಪಂಚೇತ್‌ನಲ್ಲೇ.

ನಾವು ಅಣೆಕಟ್ಟಿನ ದಾರಿಯಲ್ಲಿ ನಡೆಯುತ್ತಾ ಈ ಕಥೆ ಮಾತಾಡಿಕೊಂಡೆವು. ಚಹಾದ ಅಂಗಡಿಯವನಿಗೆ ನಾವು ಯಾರ ವಿಷಯ ಮಾತಾಡುತ್ತಿದ್ದೇವೆ ಅಂತ ಭಾಷೆ ಬರದಿದ್ದರೂ ತಿಳಿಯಿತು. ಹೆಸರು ಒಂದು ಸಲ ಕಿವಿಗೆ ಬಿದ್ದರೆ ಸಾಕು. ಕೈ ಎತ್ತಿ ವಿದ್ಯುತ್ ಕೇಂದ್ರದ ಕಡೆ ತೋರಿಸಿದ.

ಕಾಕಾ ಅಲ್ಲಿ ಸಿಟ್ಟಾದರು. ಊರಿನವರ ಮೇಲಲ್ಲ, ಸಮಾರಂಭ ಮಾಡಿದವರ ಮೇಲೆ. "ಕಾರ್ಯಕ್ರಮದ ಪಟ್ಟಿ ಬರದಾಂವ ಒಬ್ಬ ಇರತಾನಲ್ಲ, ಅವಂಗ ಆ ಮಂದಿಯ ರೀತಿ ಗೊತ್ತಿರಬೇಕಿತ್ತು. ಹಾರದ ಬದಲಿ ಒಂದು ಹೂವು ಕೊಡಸಬೇಕಿತ್ತು, ಮುಗೀತು." ಇದು ಸಮಾರಂಭ ಏರ್ಪಾಡು ಮಾಡಿದವನ ಸಿಟ್ಟು. ಪ್ರಧಾನಿ ಬಂದು ಅರ್ಧ ದಿನ ಇದ್ದು ಹೋಗುತ್ತಾರೆ. ಆ ಜಾಗದಲ್ಲಿ ಇರುವವರು ಇರುತ್ತಾರೆ.

ಜಲಾಶಯದ ಆ ಬದಿಯಲ್ಲಿ ತೇಲ್ಕುಪಿ ಅಂತ ಒಂದು ಊರು. ಬಹಳ ಹಳೆಯ ಗುಡಿಗಳಿದ್ದ ಜಾಗ. ಪಂಚೇತ್ ನೀರಿಗೆ ಅವೂ ಮುಳುಗಿದವು. ನೀರು ಕಡಿಮೆ ಆದಾಗ ಒಂದೆರಡು ತಲೆ ಎತ್ತುತ್ತವಂತೆ. ನಮಗೆ ಅಲ್ಲಿಗೆ ಹೋಗಲು ಹೊತ್ತು ಸಾಲಲಿಲ್ಲ.

ಶನಿವಾರ

ಧನ್‌ಬಾದ್‌ನಿಂದ ಕೇರಳದ ಅಲಪ್ಪುಳಕ್ಕೆ ಒಂದು ಗಾಡಿ ಇದೆ. ಅದು ರಾಂಚಿ, ರೂರ್ಕೇಲಾ ಮೇಲೆ ಸಂಬಲ್‌ಪುರಕ್ಕೆ ಬರುತ್ತದೆ. ಇಡೀ ದಿನ ಸಾಲ ಮರಗಳ ಕಾಡು. ಕಾಕಾ ನಿದ್ದೆ.

ರವಿವಾರ, ಹಿರಾಕುಡ್

ಸಂಬಲ್‌ಪುರದಿಂದ ಹತ್ತಿರ. ಮಹಾನದಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟು ಎತ್ತರದಲ್ಲಿ ಭಾಕ್ರಾದ ಮುಂದೆ ಏನೂ ಅಲ್ಲ, ಉದ್ದದಲ್ಲಿ ಮಾತ್ರ ಕೇಳಬೇಡಿ. ನಡುವಿನ ಅಣೆಕಟ್ಟೇ 4.8 ಕಿಲೋಮೀಟರ್, ಎರಡೂ ಕಡೆಯ ಮಣ್ಣಿನ ಏರಿ ಸೇರಿದರೆ ಸುಮಾರು 26 ಕಿಲೋಮೀಟರ್.

ಇದರ ಮೂಲದಲ್ಲಿ ನಮ್ಮವರೊಬ್ಬರಿದ್ದಾರೆ. 1930ರ ದಶಕದ ಪ್ರವಾಹಗಳಾದ ಮೇಲೆ, ಮಹಾನದಿಯ ನೀರು ಹಿಡಿದಿಡಲು ಜಲಾಶಯ ಕಟ್ಟಬಹುದಾ ಅಂತ ಸರಿಯಾಗಿ ಪರಿಶೀಲಿಸಿ ಅಂದವರು ಸರ್ ಎಂ. ವಿಶ್ವೇಶ್ವರಯ್ಯ. ಕಾಕಾಗೆ ಇದು ಗೊತ್ತಿತ್ತು. ದಾರಿಯುದ್ದಕ್ಕೂ ಆಟೋದವನಿಗೆ ಹಿಂದಿಯಲ್ಲಿ ವಿವರಿಸಿದರು. ಅವರ ಹಿಂದಿಯಲ್ಲಿ ಮುಕ್ಕಾಲು ಕನ್ನಡ.

ಈ ಅಣೆಕಟ್ಟಿಗೆ ಎರಡು ಆರಂಭಗಳಿವೆ. 1946ರ ಮಾರ್ಚ್ 15ಕ್ಕೆ ಒರಿಸ್ಸಾದ ಬ್ರಿಟಿಷ್ ಗವರ್ನರ್ ಹಾಥಾರ್ನ್ ಲೂಯಿಸ್ ಶಂಕುಸ್ಥಾಪನೆ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ 1948ರ ಏಪ್ರಿಲ್ 12ಕ್ಕೆ ನೆಹರೂ ಬಂದು ಮೊದಲ ಕಾಂಕ್ರೀಟ್ ಹಾಕಿದರು. ದೊರೆ ಬದಲಾದರೆ ಇಟ್ಟ ಕಲ್ಲನ್ನೇ ಮತ್ತೆ ಇಡುವುದು ನಮಗೇನೂ ಹೊಸದಲ್ಲ. ಆದರೆ ಆ ಎರಡು ವರ್ಷದ ನಡುವೆ ಸಂಬಲ್‌ಪುರದಲ್ಲಿ ಅಣೆಕಟ್ಟು ಬೇಡ ಅಂತ ದೊಡ್ಡ ಚಳವಳಿ ಆಗಿತ್ತು. ನೆಹರೂ ಬಂದದ್ದು ಅಂಥ ಊರಿಗೆ. ಮನೆ ಬಿಡಬೇಕಾದ ಜನಕ್ಕೆ ಅವರು ಹೇಳಿದ ಮಾತು ಇವತ್ತಿಗೂ ನೆನಪಿನಲ್ಲಿದೆ. ಕಷ್ಟ ಪಡಲೇಬೇಕಾದರೆ ದೇಶದ ಹಿತಕ್ಕಾಗಿ ಪಡಿ ಎಂಬರ್ಥದ ಮಾತು. ಮುಂದೆ ಲಕ್ಷಕ್ಕೂ ಹೆಚ್ಚು ಜನ ಹಾಗೆ ಕಷ್ಟಪಟ್ಟರು. ಪರಿಹಾರದ ಕೂಗು ದಶಕಗಳವರೆಗೆ ಮುಗಿಯಲಿಲ್ಲ.

ನಂಗಲ್‌ನ ಮಾತು ಗೊತ್ತಿರುವವರಿಗೆ ಈ ಮಾತೂ ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ. ಎರಡನ್ನೂ ಹೇಳಿದ ಮನುಷ್ಯ ಒಬ್ಬನೇ.

1957ರ ಜನವರಿ 13ಕ್ಕೆ ಮತ್ತೆ ಬಂದು ಉದ್ಘಾಟನೆ ಮಾಡಿದರು. ಎರಡು ತುದಿಯ ಗುಡ್ಡಗಳ ಮೇಲೆ ಎರಡು ಗೋಪುರ. ಒಂದಕ್ಕೆ ಗಾಂಧಿ ಮಿನಾರ್, ಇನ್ನೊಂದಕ್ಕೆ ಜವಾಹರ್ ಮಿನಾರ್ ಅಂತ ಹೆಸರು. ಗಾಂಧಿ ಮಿನಾರ್ ಹತ್ತಿ ನೋಡಿದರೆ ಆಚೆ ದಡ ಕಾಣಲಿಲ್ಲ. ನೀರು, ನೀರು, ಆಮೇಲೆ ಮಬ್ಬು. ಇಡೀ ಒಡಿಶಾಕ್ಕೆ ಇದರಿಂದ ಬಂದ ಅನ್ನ, ಕರೆಂಟು, ಕಟಕ್ ಕಡೆ ತಗ್ಗಿದ ಪ್ರವಾಹ ಇವೆಲ್ಲ ನಿಜ. ಕಾಕಾ ಅದನ್ನು ಒತ್ತಿ ಹೇಳಿದರು, ನಾನು ಒಪ್ಪಿದೆ. ವಾದ ಅಲ್ಲಿಗೆ ಮುಗಿಯಲಿಲ್ಲ, ರಾತ್ರಿ ಲಾಡ್ಜಿನಲ್ಲೂ ನಡೆಯಿತು.

ಬುಧವಾರ, ನಾಗಾರ್ಜುನ ಸಾಗರ

ಅದೇ ಅಲಪ್ಪುಳದ ಗಾಡಿಯಲ್ಲಿ ವಿಜಯವಾಡ, ಅಲ್ಲಿಂದ ಬಸ್ಸು. ಮಾಚೆರ್ಲಾ ದಾಟಿದ ಮೇಲೆ ಬಂಡೆಗುಡ್ಡ, ಕುರುಚಲು, ಕೆಂಪು ಮಣ್ಣು. ನಮ್ಮ ಕಡೆಯ ಹಾಗೇ ಇದೆ. ಇರಬೇಕಾದ್ದೇ, ಕೃಷ್ಣೆ ಅಲ್ವಾ?

ಊರಿನ ಒಂದು ಭಾಗಕ್ಕೆ ಪೈಲಾನ್ ಕಾಲೊನಿ ಅಂತ ಹೆಸರು. 1955ರ ಡಿಸೆಂಬರ್ 10ಕ್ಕೆ ನೆಹರೂ ಶಂಕುಸ್ಥಾಪನೆ ಮಾಡಿದ ಜಾಗದಲ್ಲಿ ನಿಲ್ಲಿಸಿದ ಕಂಬವೇ ಆ ಪೈಲಾನ್. ಭಾಕ್ರಾದ ಮೊದಲ ಕಾಂಕ್ರೀಟ್ ಹಾಕಿ ಆಗ ತಿಂಗಳೂ ಆಗಿರಲಿಲ್ಲ ನೋಡಿ. ಇಲ್ಲಿ ಕಲ್ಲಿಡುವುದು ನನಗೆ ಪವಿತ್ರ ಕಾರ್ಯ, ಇದು ಭಾರತದ ಮಾನವತೆಯ ಗುಡಿಗೆ ಹಾಕುವ ಬುನಾದಿ ಅಂತ ಅವತ್ತು ಹೇಳಿದ್ದರು. ಕಲ್ಲಿನ ಸಮಾರಂಭ ಒಂದು ಕಾಲೊನಿಗೆ ಹೆಸರಾಗಿ, ಬಸ್ಸಿನ ಬೋರ್ಡಿಗೂ ಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಣೆಕಟ್ಟು ಕಲ್ಲಿನದು. ಕಾಂಕ್ರೀಟ್ ಅಲ್ಲ, ಕಲ್ಲು ಕಟ್ಟಡ. ಜಗತ್ತಿನಲ್ಲೇ ಅತಿ ದೊಡ್ಡ ಕಲ್ಲು ಕಟ್ಟಡದ ಅಣೆಕಟ್ಟುಗಳಲ್ಲಿ ಇದೊಂದು, 124 ಮೀಟರ್ ಎತ್ತರ. ಯಂತ್ರಕ್ಕಿಂತ ಜನರ ಕೈ ಜಾಸ್ತಿ ಓಡಾಡಿದ ಅಣೆಕಟ್ಟು. ಕಾಕಾ ಗೋಡೆಯ ಹತ್ತಿರ ಹೋಗಿ ಕಲ್ಲಿನ ಸಂದು ನೋಡಿದರು. ನೆಹರೂ ಇದು ತುಂಬಿದ್ದನ್ನು ನೋಡಲಿಲ್ಲ. ಕಾಲುವೆಗೆ ನೀರು ಬಿಟ್ಟವರು ಇಂದಿರಾ ಗಾಂಧಿ, 1967ರ ಆಗಸ್ಟ್ 4ಕ್ಕೆ. ಬಲದ ಕಾಲುವೆಗೆ ಜವಾಹರ್, ಎಡದ ಕಾಲುವೆಗೆ ಲಾಲ್ ಬಹದ್ದೂರ್ ಅಂತ ಹೆಸರಿಟ್ಟಿದ್ದಾರೆ.

ಈಗ ಒಂದು ದಡ ತೆಲಂಗಾಣ, ಇನ್ನೊಂದು ಆಂಧ್ರ. 26 ಗೇಟುಗಳಲ್ಲಿ 13 ನಮ್ಮವು ಅಂತ 2023ರ ನವೆಂಬರ್ ಕೊನೆಯಲ್ಲಿ ಆಂಧ್ರದ ಪೊಲೀಸರು ಅಣೆಕಟ್ಟಿನ ಅರ್ಧಕ್ಕೆ ಬಂದು ನಿಂತರು. ಕೊನೆಗೆ ಕೇಂದ್ರದ ಸಿಆರ್‌ಪಿಎಫ್ ಬರಬೇಕಾಯಿತು. ಮಾನವತೆಯ ಗುಡಿಯ ನಡುವೆ ಮುಳ್ಳುತಂತಿ ಎಳೆದಿದ್ದನ್ನು ಟಿವಿಯಲ್ಲಿ ನೋಡಿದ್ದು ನೆನಪಾಯಿತು.

ಲಾಂಚಿನಲ್ಲಿ ನಾಗಾರ್ಜುನಕೊಂಡಕ್ಕೆ ಹೋದೆವು. ಮುಳುಗುವ ಮೊದಲು ಕಣಿವೆಯನ್ನೆಲ್ಲ ಅಗೆದು, ಬೌದ್ಧರ ಸ್ತೂಪ, ವಿಹಾರಗಳಲ್ಲಿ ಕೆಲವನ್ನು ಗುಡ್ಡದ ಮೇಲಕ್ಕೆ ಸಾಗಿಸಿ ಮತ್ತೆ ಕಟ್ಟಿದರು. ಗುಡ್ಡ ಈಗ ನಡುಗಡ್ಡೆ. ನಮ್ಮ ಕೂಡಲಸಂಗಮದಲ್ಲಿ ಐಕ್ಯ ಲಿಂಗವನ್ನು ಸ್ಥಳ ಬದಲಿಸದೆ, ಸುತ್ತ ಬಾವಿಯ ಹಾಗೆ ಗೋಡೆ ಎಬ್ಬಿಸಿ ನೀರಿನಿಂದ ಕಾಪಾಡಿದ್ದಾರೆ. ಯಾವುದು ಸರಿ ಅಂತ ಕಾಕಾನ ಕೇಳಿದೆ. "ದುಡ್ಡು ಎಷ್ಟೈತಿ ಅನ್ನೂದರ ಮ್ಯಾಲ" ಅಂದರು.

ಶುಕ್ರವಾರ, ಆಲಮಟ್ಟಿ

ಹೈದರಾಬಾದ್ ಮೇಲೆ ವಿಜಯಪುರ, ಅಲ್ಲಿಂದ ಆಲಮಟ್ಟಿ. ಮನೆಗೆ ಹೋಗುವ ದಾರಿಯೇ. ಇಲ್ಲೂ ಗೇಟು 26.

1964ರ ಮೇ 22ಕ್ಕೆ ಇಲ್ಲಿ ಶಂಕುಸ್ಥಾಪನೆ ಮಾಡಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ಅವರು ಆಗ ಪ್ರಧಾನಿಯಲ್ಲ, ಕೇಂದ್ರದ ಮಂತ್ರಿ. ಐದೇ ದಿನಕ್ಕೆ, ಮೇ 27ಕ್ಕೆ, ದೆಹಲಿಯಲ್ಲಿ ನೆಹರೂ ತೀರಿಕೊಂಡರು. ಜೂನ್ 9ಕ್ಕೆ ಶಾಸ್ತ್ರಿ ಪ್ರಧಾನಿ. 1966ರ ಜನವರಿಯಲ್ಲಿ ಅವರೂ ಇಲ್ಲ. ಜಲಾಶಯಕ್ಕೆ ಅವರ ಹೆಸರೇ ಇಟ್ಟಿದ್ದಾರೆ. ಅಣೆಕಟ್ಟನ್ನು ದೇಶಕ್ಕೆ ಅರ್ಪಿಸಿದ್ದು 2006ರ ಆಗಸ್ಟ್ 21ಕ್ಕೆ, ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದಾಗ. 42 ವರ್ಷ. ಅಷ್ಟರಲ್ಲಿ ಕಾಕಾ ನೌಕರಿಗೆ ಸೇರಿ, ವರ್ಗವಾಗಿ, ಮಕ್ಕಳ ಮದುವೆ ಮಾಡಿ ಆಗಿತ್ತು. ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋಗಿ, ನವನಗರದಲ್ಲಿ ಸೆಕ್ಟರ್ ನಂಬರ್ ಹೇಳಿ ವಿಳಾಸ ಕೊಡುವುದು ರೂಢಿಯಾಗಿತ್ತು.

ಕಾಕಾಗೆ ಇಲ್ಲಿ ಗೈಡ್ ಬೇಕಿಲ್ಲ. ನೀರು ಈಗ ನಿಲ್ಲುವುದು 519.6 ಮೀಟರ್ ಮಟ್ಟಕ್ಕೆ. ಎರಡನೇ ಕೃಷ್ಣಾ ನ್ಯಾಯಮಂಡಳಿ 524.256ಕ್ಕೆ ಏರಿಸಬಹುದು ಅಂದಿದೆ. ಗೇಟು ಎತ್ತರಿಸುವುದು ದೊಡ್ಡ ಕೆಲಸವಲ್ಲ, ಅದರಿಂದ ಮುಳುಗುವ ಜಮೀನು ಮತ್ತು ಊರುಗಳ ಪರಿಹಾರ ದೊಡ್ಡದು. ಯಾವ ಊರಿನ ಎಷ್ಟು ಹೊಲದವರೆಗೆ ನೀರು ಬರುತ್ತದೆ ಅಂತ ಕಾಕಾ ಗೋಡೆಗೆ ಒರಗಿ ನಿಂತು ಒಂದೊಂದೇ ಹೆಸರು ಹೇಳುತ್ತಾ ಹೋದರು. ಅದರಲ್ಲಿ ನಮ್ಮ ಅತ್ತೆಯ ಊರೂ ಬಂತು.

"ಏರಿಸಿದ ದಿನ ಮತ್ತೊಂದು ಕಾರ್ಯಕ್ರಮ ಇರತೈತಿ" ಅಂದೆ.

"ಇರತೈತಿ. ಅವತ್ತ ಬಟನ್ ಒತ್ತಾಕ ನಿಮ್ಮ ಅತ್ತೀನ ಕರೀತಾರೇನ ನೋಡೂಣು" ಅಂದರು ಕಾಕಾ. "ಕರದರ ಹಾರ ಮಾತ್ರ ಹಾಕಬ್ಯಾಡ ಅಂತ ಹೇಳೂಣು."